ಪ್ಲೈವುಡ್ ಕಾರ್ಯಾಗಾರಕ್ಕೆ ಹೋದರೆ ಶೀಟಿನ ಮುಖವಲ್ಲ, ಕೊಯ್ದ ಅಂಚು ನೋಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕಾರವಾರದಿಂದ ಹೊನ್ನಾವರದವರೆಗೆ ಹೊಸ ಮನೆ ಕಟ್ಟುತ್ತಿರುವವರ ಪ್ರಶ್ನೆಗಳು ಈ ಸಲ ಒಂದೇ ವಿಷಯದ ಸುತ್ತ ಬಂದಿವೆ. ಸಾಗುವಾನಿಯ ಬೆಲೆ ಎಟುಕುವುದಿಲ್ಲ, ಹಲಸು, ಹೆಬ್ಬಲಸು ಬೇಕೆಂದಾಗ ಸಿಗುವುದಿಲ್ಲ, ಉಳಿದದ್ದು ಪ್ಲೈವುಡ್. ಅದರಲ್ಲೂ ‘ಪರಿಸರಸ್ನೇಹಿ’ ಎಂಬ ಫಲಕ ಹಾಕಿಕೊಂಡ ತಯಾರಕರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಆ ಫಲಕವನ್ನು ಎಷ್ಟು ನಂಬಬೇಕು ಎಂಬುದೇ ಹೆಚ್ಚಿನವರ ಅನುಮಾನ.

ಪ್ರಶ್ನೆ: ಹೊಸ ಮನೆಗೆ ಎರಡು ಕಪಾಟು, ಒಂದು ಊಟದ ಮೇಜು ಮಾಡಿಸಬೇಕು. ಪರಿಸರಸ್ನೇಹಿ ಪ್ಲೈವುಡ್ ಪೀಠೋಪಕರಣ ಮಾಡುವವರೊಬ್ಬರು ‘ಕಾರ್ಯಾಗಾರಕ್ಕೆ ಬಂದು ನೋಡಿಯೇ ಹಣ ಕೊಡಿ’ ಎಂದಿದ್ದಾರೆ. ನನಗೆ ಮರದ ಬಗ್ಗೆ ಏನೂ ಗೊತ್ತಿಲ್ಲ. ಹೋಗಿ ಏನನ್ನು ನೋಡಲಿ?
— ಕುಮಟಾದ ಓದುಗರು

ಬಂದು ನೋಡಿ ಎಂದವರ ಬಗ್ಗೆ ಮೊದಲೇ ಅರ್ಧ ವಿಶ್ವಾಸ ಇಡಬಹುದು. ಉಳಿದರ್ಧಕ್ಕೆ ಮಳೆಗಾಲದಲ್ಲಿ ಹೋಗಿ. ಜನವರಿಯಲ್ಲಿ ಎಲ್ಲರ ಕಾರ್ಯಾಗಾರವೂ ಒಣಗಿಯೇ ಇರುತ್ತದೆ. ಜುಲೈಯಲ್ಲಿ ಅವರು ಶೀಟುಗಳನ್ನು ಎಲ್ಲಿ, ಹೇಗೆ ಇಟ್ಟಿದ್ದಾರೆ ಎಂಬುದರಲ್ಲೇ ಕೆಲಸದ ಶಿಸ್ತು ಗೊತ್ತಾಗುತ್ತದೆ. ನೆಲದಿಂದ ಮೇಲೆ ಅಡ್ಡಪಟ್ಟಿಗಳನ್ನು ಕೊಟ್ಟು ಶೀಟುಗಳನ್ನು ಮಟ್ಟಸವಾಗಿ ಮಲಗಿಸಿರಬೇಕು. ಗೋಡೆಗೆ ಒರಗಿಸಿ ನಿಲ್ಲಿಸಿದ್ದರೆ ಶೀಟು ಬಾಗುತ್ತದೆ, ಕೆಳಗಿನ ಅಂಚು ನೆಲದ ತೇವವನ್ನು ಹೀರುತ್ತದೆ. ಅಂಥ ಶೀಟಿನಿಂದ ಮಾಡಿದ ಕಪಾಟಿನ ಬಾಗಿಲು ಮುಂದೆ ಸರಿಯಾಗಿ ಮುಚ್ಚುವುದಿಲ್ಲ. ಆಗ ಕೀಲು ಸಡಿಲವಾಯಿತು ಎಂದುಕೊಂಡು ಕೀಲು ಬದಲಿಸುತ್ತ ಕೂರುತ್ತೀರಿ.

ಆಮೇಲೆ ಶೀಟಿನ ಮೇಲಿನ ಮುದ್ರೆ ಓದಿ. ಐಎಸ್‌ಐ ಗುರುತಿನ ಜೊತೆ ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯ ಪ್ಲೈವುಡ್, ಐಎಸ್ 710 ಎಂದಿದ್ದರೆ ಮರೀನ್, ಅಂದರೆ ನೀರಿಗೆ ಅಂಟು ಬಿಡದ ಪ್ಲೈವುಡ್. ಮುದ್ರೆಯಲ್ಲಿ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರುತ್ತದೆ. ಅದನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಾರ್ಖಾನೆಯದು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಅಲ್ಲೇ ನಿಂತು ನೋಡಬಹುದು. ‘ಮರೀನ್’ ಎಂಬ ಪದವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಪರವಾನಗಿ ಸಂಖ್ಯೆಯ ವಿಷಯದಲ್ಲಿ ಆ ಆಟ ನಡೆಯುವುದಿಲ್ಲ.

ಇನ್ನು ಮುಖ್ಯ ವಿಷಯ. ಶೀಟಿನ ಮುಖ ನೋಡಿ ಮಾರುಹೋಗಬೇಡಿ, ಅದು ಒಂದು ಮಿಲಿಮೀಟರಿಗೂ ತೆಳುವಾದ ಸೊಗಸಿನ ಪದರ. ಆಗಷ್ಟೇ ಕೊಯ್ದ ಒಂದು ತುಂಡನ್ನು ಕೇಳಿ ಪಡೆದು, ಬಾಗಿಲ ಬೆಳಕಿಗೆ ಹಿಡಿದು ಅಂಚು ನೋಡಿ. ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ, ಹೀಗೆ ಬೆಸಸಂಖ್ಯೆಯ ಪದರಗಳು ಒಂದರ ಮೇಲೊಂದು ಕೂತಿರಬೇಕು. ಪದರಗಳ ದಪ್ಪ ಸುಮಾರಾಗಿ ಒಂದೇ ಇರಬೇಕು. ನಡುವೆ ಎಲ್ಲಾದರೂ ಕಪ್ಪು ಸೀಳು ಕಂಡರೆ ಅಲ್ಲಿ ಒಳಪದರದ ಎರಡು ತುಂಡುಗಳು ಕೂಡಿಲ್ಲ ಎಂದರ್ಥ. ಕೀಲಿನ ಸ್ಕ್ರೂ ಆ ಟೊಳ್ಳಿಗೆ ಬಿದ್ದರೆ ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. ಕೆಲವು ಕಡೆ ಸೀಳಿಗೆ ಅಂಟು ಬೆರೆಸಿದ ಮರದ ಹೊಟ್ಟು ತುಂಬಿ ಉಜ್ಜಿರುತ್ತಾರೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಇಡೀ ಶೀಟನ್ನು ಬೆರಳ ಗಂಟಿನಿಂದ ಅಲ್ಲಲ್ಲಿ ತಟ್ಟಿಯೂ ನೋಡಿ, ಟೊಳ್ಳಿರುವಲ್ಲಿ ಸದ್ದು ಬದಲಾಗುತ್ತದೆ. ಎಂಟಡಿ ನಾಲ್ಕಡಿಯ ಮುಕ್ಕಾಲು ಇಂಚಿನ ಒಳ್ಳೆಯ ಶೀಟು ಸುಮಾರು 35 ಕಿಲೋ ತೂಗುತ್ತದೆ. ಒಬ್ಬರೇ ಸಲೀಸಾಗಿ ಎತ್ತಿಕೊಂಡು ಹೋಗುತ್ತಿದ್ದರೆ ಒಳಗೆ ಯಾವ ಮರ ಹಾಕಿದ್ದಾರೆ ಎಂದು ಕೇಳಿ.

ಕೊನೆಗೆ ಚೂರುಗಳ ರಾಶಿಯ ಹತ್ತಿರ ಹೋಗಿ. ಪರಿಸರಸ್ನೇಹಿ ಎಂದು ಹೇಳಿಕೊಳ್ಳುವವರ ನಿಜಗುಣ ಅಲ್ಲಿ ಬಿದ್ದಿರುತ್ತದೆ. ಗರಗಸ ಮುಟ್ಟುವ ಮೊದಲು ಶೀಟಿನಲ್ಲಿ ಯಾವ ಭಾಗ ಎಲ್ಲಿಂದ ಬರಬೇಕೆಂದು ನಕ್ಷೆ ಹಾಕಿಕೊಳ್ಳುವವರ ಬಳಿ ರಾಶಿ ಚಿಕ್ಕದು. ಉಳಿದ ಚೂರು ಡ್ರಾಯರಿನ ಬದಿ, ಸ್ಟೂಲು, ಮಣೆ ಹೀಗೆ ಏನೋ ಒಂದಾಗಿರುತ್ತದೆ. ಚೂರುಗಳನ್ನು ಸ್ನಾನದ ಒಲೆಗೆ ಹಾಕುತ್ತೇವೆ ಎಂದರೆ ಅದು ಒಳ್ಳೆಯದಲ್ಲ. ಅಂಟು ಸುಟ್ಟ ಹೊಗೆ ಮನೆಯೊಳಗೆ ಸುಳಿಯಬಾರದು.

ಪ್ರಶ್ನೆ: 1983ರಲ್ಲಿ ನಮ್ಮ ಕಡೆಯವರು ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು. ಆಗ ಕಾಡು ನುಂಗುತ್ತಿದ್ದವರಲ್ಲಿ ಪ್ಲೈವುಡ್ ಕಾರ್ಖಾನೆಗಳೂ ಇದ್ದವು. ಈಗ ಅದೇ ಪ್ಲೈವುಡ್ ಪರಿಸರಸ್ನೇಹಿ ಆದದ್ದು ಹೇಗೆ?
— ಶಿರಸಿಯ ನಿವೃತ್ತ ಶಿಕ್ಷಕರು

ನಿಮ್ಮ ಸಿಟ್ಟು ನ್ಯಾಯವಾದದ್ದೇ, ಮೇಷ್ಟ್ರೇ. ಆ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿ ಕಡೆಯ ಸಾಲ್ಕಣಿ ಊರಿನವರು ಕಳಸೆ ಕಾಡಿಗೆ ನಡೆದದ್ದರಿಂದ ಅಪ್ಪಿಕೋ ಚಳವಳಿ ಹುಟ್ಟಿತು. ಪ್ಲೈವುಡ್ಡಿಗೆ ಆಗ ಬೇಕಾಗಿದ್ದದ್ದು ನಿತ್ಯಹರಿದ್ವರ್ಣ ಕಾಡಿನ ದೊಡ್ಡ ಸುತ್ತಳತೆಯ, ನೇರ ಕಾಂಡದ ಮರಗಳು. ಧೂಪ ಅಂಥದ್ದು, ಕಾಡುಮಾವೂ ಅಂಥದ್ದು. ಅಪ್ಪೆಮಿಡಿ ಕೊಡುವ ಮರ ಪೆಟ್ಟಿಗೆಯ ಹಲಗೆಯಾಗಿ ಹೋದರೆ ಏನಾಗುತ್ತದೆ ಎಂದು ಶಿರಸಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬದಲಾಗಿರುವುದು ಮುಖ್ಯವಾಗಿ ಒಳಪದರದ ಮರ. ಕಾಂಡವನ್ನು ತಿರುಗಿಸುತ್ತ ಅಲಗಿನಿಂದ ಉದ್ದನೆಯ ಪದರವಾಗಿ ಸುಲಿಯುವ ಯಂತ್ರಗಳು ಇಂದು ಸಣ್ಣ ಕಾಂಡವನ್ನೂ ಸುಲಿಯುತ್ತವೆ. ಹೀಗಾಗಿ ಕೆಲವೇ ವರ್ಷದ ನೀಲಗಿರಿ, ಕಾಫಿ ತೋಟದ ಸಿಲ್ವರ್ ಓಕ್, ಹೆಬ್ಬೇವು, ಕೇರಳದ ರಬ್ಬರ್ ಮರ, ಹರಿಯಾಣದ ಯಮುನಾನಗರದ ಕಡೆಯ ಪಾಪ್ಲರ್ ಇವೆಲ್ಲ ಪ್ಲೈವುಡ್ ಆಗುತ್ತವೆ. ಇವು ರೈತರ ಹೊಲ, ತೋಟಗಳಲ್ಲಿ ಬೆಳೆದವು. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದ ನಂತರ ಕಾಡಿನ ಮರ ಕಡಿಯುವುದಕ್ಕೂ ಮರದ ಕಾರ್ಖಾನೆಗಳಿಗೂ ಬಿಗಿ ಬಂತು. ಕಾರ್ಖಾನೆಗಳು ರೈತರತ್ತ ತಿರುಗಲು ಅದೂ ಒಂದು ಕಾರಣ.

ಹಾಗೆಂದು ಎಲ್ಲವೂ ಸರಿಹೋಗಿದೆ ಎಂದು ನಾನು ಹೇಳಲಾರೆ. ಮುಖದ ಪದರ ಇಂದಿಗೂ ಬಹಳ ಕಡೆ ಹೊರದೇಶದ ಕಾಡಿನದು. ಮೊದಲು ಮ್ಯಾನ್ಮಾರಿನ ಗರ್ಜನ್ ಮರ ಬರುತ್ತಿತ್ತು. 2014ರಲ್ಲಿ ಆ ದೇಶ ದಿಮ್ಮಿ ರಫ್ತು ನಿಲ್ಲಿಸಿತು. ಆಫ್ರಿಕಾದ ಗ್ಯಾಬನ್ 2010ರಲ್ಲೇ ದಿಮ್ಮಿ ರಫ್ತು ನಿಷೇಧಿಸಿತ್ತು, ಅಲ್ಲಿಂದ ಈಗ ಒಕುಮೆ ಮರ ಸುಲಿದ ಪದರವಾಗಿ ಬರುತ್ತದೆ. ಆದ್ದರಿಂದ ಕಾರ್ಯಾಗಾರದಲ್ಲಿ ‘ಇದು ತೋಟದ ಮರ’ ಎಂದಾಗ ‘ಒಳಗಿನದೋ, ಮೇಲಿನದೋ?’ ಎಂದು ಕೇಳಿ. ಈ ಒಂದು ಪ್ರಶ್ನೆಗೆ ತಡವರಿಸುವವರು ಬಹಳ ಮಂದಿ.

ಎಫ್‌ಎಸ್‌ಸಿ (ಮರ ಜವಾಬ್ದಾರಿಯಿಂದ ನಿರ್ವಹಿಸಿದ ಕಾಡಿನದೆಂದು ಹೇಳುವ ಅಂತರರಾಷ್ಟ್ರೀಯ ಗುರುತು) ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಅದು ಪ್ಲೈವುಡ್ ಕಾರ್ಖಾನೆಗೆ ಸಿಕ್ಕದ್ದಾಗಿರಬಹುದು. ಅದೇ ಕಾರ್ಖಾನೆ ಪ್ರಮಾಣೀಕರಿಸದ ಮಾಲನ್ನೂ ಮಾರಬಹುದು. ಈ ಶೀಟುಗಳನ್ನು ಕೊಂಡ ಬಿಲ್ಲಿನಲ್ಲಿ ಎಫ್‌ಎಸ್‌ಸಿ ಎಂದು ಬರೆದಿದೆಯೇ ನೋಡಿ. ‘ಎಫ್‌ಎಸ್‌ಸಿ ಮಿಕ್ಸ್’ ಎಂದಿದ್ದರೆ ಎಲ್ಲ ಮರವೂ ಪ್ರಮಾಣೀಕೃತ ಕಾಡಿನದಲ್ಲ ಎಂದು ತಿಳಿಯಿರಿ. ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ದೇಶದ್ದೇ ಆದ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆಯನ್ನೂ ಆರಂಭಿಸಿದೆ.

ನನ್ನನ್ನೇ ಕೇಳಿದರೆ, ನಿಮ್ಮ ಹಳೆಯ ಮನೆ ಕಳಚುವಾಗ ಸಿಕ್ಕ ಹಲಸಿನ ಬಾಗಿಲು, ಮತ್ತಿಯ ತೊಲೆಗಿಂತ ಹಸಿರಾದ ಮರ ಯಾವ ಅಂಗಡಿಯಲ್ಲೂ ಇಲ್ಲ. ಅದನ್ನು ಕೀಸಿ ಮೇಜಿನ ಕಾಲು, ಕಪಾಟಿನ ಚೌಕಟ್ಟು ಮಾಡಿಸಿ, ಅಗಲವಾದ ಭಾಗಕ್ಕೆ ಮಾತ್ರ ಪ್ಲೈವುಡ್ ಹಾಕಿಸಿ. ಒಳ್ಳೆಯ ಕಾರ್ಯಾಗಾರದವರು ಇದಕ್ಕೆ ಮುಖ ಸಿಂಡರಿಸುವುದಿಲ್ಲ.

ಪ್ರಶ್ನೆ: ಮಕ್ಕಳ ಕೋಣೆಗೆ ಹೊಸ ವಾರ್ಡ್‌ರೋಬ್ ಬಂದು ತಿಂಗಳಾಯಿತು. ಬಾಗಿಲು ತೆರೆದರೆ ಕಣ್ಣು ಉರಿಯುತ್ತದೆ. ಅತ್ತೆಯವರು ದಿನಾ ಸಾಂಬ್ರಾಣಿ ಹಾಕುತ್ತಿದ್ದಾರೆ. ವಾಸನೆ ಹೋಗುವುದು ಯಾವಾಗ?
— ಅಂಕೋಲಾದ ಓದುಗರು

ಸಾಂಬ್ರಾಣಿ ವಾಸನೆಯನ್ನು ಮರೆಸುತ್ತದೆ, ಅನಿಲವನ್ನು ತೆಗೆಯುವುದಿಲ್ಲ, ಜೊತೆಗೆ ಮಕ್ಕಳಿಗೆ ಹೊಗೆ ಬೇರೆ. ಅತ್ತೆಯವರಿಗೆ ನಿಧಾನವಾಗಿ ಹೇಳಿ. ಕಣ್ಣುರಿಗೆ ಕಾರಣ ಬಹುಮಟ್ಟಿಗೆ ಫಾರ್ಮಾಲ್ಡಿಹೈಡ್, ಪದರಗಳನ್ನು ಕೂಡಿಸುವ ಅಂಟಿನಿಂದ ಹೊರಬರುವ ಅನಿಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಒಂದು ವಾರ್ಡ್‌ರೋಬಿನಿಂದ ಗಾಬರಿಯಾಗಬೇಕಿಲ್ಲ, ಆದರೆ ಮಕ್ಕಳನ್ನು ಸದ್ಯ ಬೇರೆ ಕೋಣೆಯಲ್ಲಿ ಮಲಗಿಸಿ.

ಅಗ್ಗದ ಪ್ಲೈವುಡ್ಡಿಗೆ ಬಳಸುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಸೆಕೆ ಮತ್ತು ತೇವ ಎರಡೂ ಹೆಚ್ಚಾದಾಗ ಅದು ಹೆಚ್ಚು ಅನಿಲ ಬಿಡುತ್ತದೆ, ನಮ್ಮ ಕರಾವಳಿಯಲ್ಲಿ ಎರಡಕ್ಕೂ ಬರವಿಲ್ಲ. ಮರೀನ್ ದರ್ಜೆಗೆ ಬಳಸುವ ಫಿನಾಲ್ ಫಾರ್ಮಾಲ್ಡಿಹೈಡ್ ಅಂಟು ಒಮ್ಮೆ ಬಿಸಿ ಒತ್ತಡದಲ್ಲಿ ಗಟ್ಟಿಯಾದ ಮೇಲೆ ಬಹಳ ಕಡಿಮೆ ಬಿಡುತ್ತದೆ. ಅದರ ಗೆರೆ ಕೊಯ್ದ ಅಂಚಿನಲ್ಲಿ ಕಡುಕಂದಾಗಿ ಕಾಣುತ್ತದೆ. ಹಾಗಂತ ಬಣ್ಣವನ್ನೇ ನಂಬಬೇಡಿ, ಅಂಟಿಗೆ ಬಣ್ಣ ಬೆರೆಸುವುದು ಕಷ್ಟದ ಕೆಲಸವಲ್ಲ. ಮುಂದೆ ಮಾಡಿಸುವಾಗ ಇ1 ಅಥವಾ ಇ0 ಎಂಬ ಹೊರಸೂಸುವಿಕೆಯ ದರ್ಜೆಗೆ ಪರೀಕ್ಷಾ ವರದಿ ಕೇಳಿ.

ಈಗಿರುವುದಕ್ಕೆ ಉಪಾಯ: ಬಟ್ಟೆ ಹೊರತೆಗೆದು ಬಾಗಿಲು, ಡ್ರಾಯರು ಎಲ್ಲ ತೆರೆದಿಟ್ಟು, ಕಿಟಕಿ ತೆರೆದು ಫ್ಯಾನ್ ಹಾಕಿಡಿ. ಕೆಲವು ವಾರಗಳಲ್ಲಿ ಕಡಿಮೆಯಾಗುತ್ತ ಬರಬೇಕು. ವಾರ್ಡ್‌ರೋಬಿನ ಹಿಂಬದಿ, ತಳ, ಕೀಲಿಗಾಗಿ ಕೊರೆದ ಗುಳಿ ಹೀಗೆ ಮೈಕಾ ಹಾಕದೆ ಬಿಟ್ಟ ಬರಿಯ ಪ್ಲೈವುಡ್ ಎಲ್ಲೆಲ್ಲಿದೆ ಎಂದು ಟಾರ್ಚ್ ಹಿಡಿದು ನೋಡಿ. ಮಾಡಿದವರನ್ನೇ ಕರೆಸಿ ಅಲ್ಲೆಲ್ಲ ಸೀಲರ್ ಬಳಿಸಿ.

ಪ್ರಶ್ನೆ: ಕುಕ್ಕರಿನಲ್ಲಿ ಪ್ಲೈವುಡ್ ತುಂಡು ಹಾಕಿ ಕುದಿಸಿ ಪರೀಕ್ಷಿಸಬಹುದೇ?
— ಭಟ್ಕಳದ ಓದುಗರು

ಕುದಿಸಬಹುದು, ಆದರೆ ಅಡುಗೆಯ ಪಾತ್ರೆಯಲ್ಲಿ ಬೇಡ. ಪ್ರಯೋಗಾಲಯದಲ್ಲಿ ಮರೀನ್ ಪ್ಲೈವುಡ್ಡನ್ನು 72 ಗಂಟೆ, ಬಿಡಬ್ಲ್ಯುಆರ್ (ಕುದಿನೀರು ತಾಳುವ) ದರ್ಜೆಯದನ್ನು 8 ಗಂಟೆ ಕುದಿಸಿ, ಆಮೇಲೆ ಪದರಗಳ ನಡುವೆ ಚಾಕು ತೂರಿಸಿ ಅಂಟು ಬಿಟ್ಟಿದೆಯೇ ನೋಡುತ್ತಾರೆ. ಎಂಆರ್ (ತೇವ ಮಾತ್ರ ತಾಳುವ) ದರ್ಜೆಗೆ 60 ಡಿಗ್ರಿ ಬಿಸಿನೀರಿನಲ್ಲಿ 3 ಗಂಟೆ ಮಾತ್ರ. ಅರ್ಧ ಗಂಟೆ ಕುದಿಸಿ ‘ನೋಡಿ, ಏನೂ ಆಗಿಲ್ಲ’ ಎಂದು ತೋರಿಸುವವರು ಏನನ್ನೂ ತೋರಿಸಿಲ್ಲ.

ಪ್ರಶ್ನೆ: ನಮ್ಮ ಮನೆ ಕಡಲಿಗೆ ಹತ್ತಿರ. ಮರೀನ್ ಪ್ಲೈವುಡ್ ಎಂದು ದುಬಾರಿ ಹಣ ಕೊಟ್ಟೆ. ಮೊದಲ ಮಳೆಗಾಲದಲ್ಲೇ ಕಪಾಟಿನೊಳಗೆ ಬೂಷ್ಟು, ಸ್ಕ್ರೂಗಳಿಗೆ ತುಕ್ಕು. ಮೋಸ ಹೋದೆನೇ?
— ಕಾರವಾರದ ಓದುಗರು

ಇಷ್ಟರಿಂದಲೇ ಹಾಗೆ ಹೇಳಲಾಗದು. ಮರೀನ್ ಎಂದರೆ ಅಂಟು ನೀರಿಗೆ ಬಿಡುವುದಿಲ್ಲ, ಮರಕ್ಕೆ ರಕ್ಷಕ ರಾಸಾಯನಿಕ ಉಣಿಸಿದೆ ಎಂದು ಅರ್ಥ. ಬೂಷ್ಟು ಬೆಳೆಯುವುದು ಮೇಲ್ಮೈಯ ತೇವ, ದೂಳಿನ ಮೇಲೆ. ಗಾಳಿಯಾಡದ ಕಪಾಟಿನಲ್ಲಿ ಗಾಜಿನ ಮೇಲೂ ಬೆಳೆದೀತು. ಪದರ ಬಿಚ್ಚಿದ್ದರೆ, ಅಂಚು ಉಬ್ಬಿದ್ದರೆ ಮಾತ್ರ ಮಾರಿದವರನ್ನು ಕೇಳಿ.

ಹಿಂಬದಿ ಗೋಡೆಗೆ ಒತ್ತಿಕೊಂಡಿದ್ದರೆ ಮೂರು ಬೆರಳು ತೂರುವಷ್ಟು ಮುಂದಕ್ಕೆ ತನ್ನಿ. ನೆಲಕ್ಕೆ ಕೂತಿದ್ದರೆ ಕಾಲು ಕೊಡಿಸಿ. ನೆಲ ಒರೆಸಿದ ನೀರು ಕೆಳಗಿನ ಅಂಚಿನಿಂದಲೇ ಏರುತ್ತದೆ, ಆ ಅಂಚಿಗೆ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಹಾಕಿರುವುದು ಅಪರೂಪ. ಬಾಗಿಲಿನ ಮೇಲೆ, ಕೆಳಗೆ ಗಾಳಿಕಿಂಡಿ ಕೊರೆಸಿ. ಮೈಕಾವನ್ನು ಒಂದೇ ಬದಿಗೆ ಹಾಕಿಸಿದ್ದರೆ ಬಾಗಿಲು ಬಾಗುವುದು ಖಂಡಿತ, ಎರಡೂ ಬದಿಗೆ ಹಾಕಿಸಬೇಕು. ಸ್ಕ್ರೂ, ಕೀಲುಗಳನ್ನು ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಿಸಿ. ಒಳಕೋಣೆಗೆ 304 ದರ್ಜೆ ಸಾಕು, ಕಡಲ ಗಾಳಿ ನೇರವಾಗಿ ಹೊಡೆಯುವ ಜಗುಲಿ, ಬಾಲ್ಕನಿಗೆ 316 ಬೇಕು. ಹೊಳೆಯುವ ಸತುವಿನ ಲೇಪದ ಸ್ಕ್ರೂ ಉಪ್ಪಿನ ಗಾಳಿಗೆ ಹೆಚ್ಚು ಕಾಲ ನಿಲ್ಲುವುದಿಲ್ಲ.

ದೋಣಿಗಳಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆಯನ್ನು ಕಪಾಟಿಗೂ ಬಳಿಯಬಹುದೇ ಎಂದು ಕೆಲವರು ಕೇಳುತ್ತಾರೆ. ಬೇಡ. ಹಸಿಯಾಗಿದ್ದಾಗ ಅದು ಚರ್ಮ ಸುಡುತ್ತದೆ, ಬಟ್ಟೆಗೆ ಕಲೆ ಬೀಳುತ್ತದೆ. ಅದೇ ಎಣ್ಣೆಯಿಂದ ತೆಗೆದ ಕಾರ್ಡನಾಲ್ ಎಂಬ ವಸ್ತುವನ್ನು ಪ್ಲೈವುಡ್ ಅಂಟಿನಲ್ಲಿ ಫಿನಾಲ್‌ನ ಒಂದು ಪಾಲಿಗೆ ಬದಲಾಗಿ ಬಳಸಬಹುದು, ಗೇರು ಬೆಳೆಯುವ ಜಿಲ್ಲೆಯವರಿಗೆ ಇದು ಗೊತ್ತಿರಲಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಇಂಥ ಕಾರ್ಯಾಗಾರದಲ್ಲಿ ರಜೆಯಲ್ಲಿ ಕೆಲಸ ಕಲಿಯುವ ಆಸೆ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಾರೆಯೇ?
— ಹೊನ್ನಾವರದ ಓದುಗರು

ಕೇಳಿ ನೋಡಿ. ಸಿಎನ್‌ಸಿ ಎಂಬ, ಕಂಪ್ಯೂಟರ್ ಹೇಳಿದಂತೆ ಕೊಯ್ಯುವ ಯಂತ್ರ ಬಂದ ಮೇಲೆ ಈ ಕೆಲಸದ ಅರ್ಧ ಭಾಗ ಕಂಪ್ಯೂಟರಿನ ಮುಂದೆ ನಡೆಯುತ್ತದೆ. ಒಪ್ಪಿದರೆ ಮೊದಲು ಅಳತೆ, ನಕ್ಷೆ, ಉಜ್ಜುವುದು, ಪಾಲಿಶ್ ಇವುಗಳಿಂದ ಶುರು ಮಾಡಿ. ಕ್ರಮವಾಗಿ ಕಲಿಯಬೇಕೆನಿಸಿದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸದ ತರಬೇತಿ ಕೇಂದ್ರವಿದೆ.

ಕಾರ್ಯಾಗಾರಕ್ಕೆ ಮೊದಲ ಸಲ ಹೋದಾಗ ಗರಗಸದ ಮೇಜಿಗೆ ದೂಳು ಹೀರುವ ಕೊಳವೆ ಜೋಡಿಸಿದ್ದಾರೆಯೇ, ಅಲ್ಲಿ ದುಡಿಯುವವರು ಮಾಸ್ಕ್ ಹಾಕಿಕೊಂಡಿದ್ದಾರೆಯೇ ನೋಡಿ. ಮರದ ನುಣ್ಣನೆಯ ದೂಳೂ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ. ಕಾಡು ಉಳಿಸುತ್ತೇವೆ ಎನ್ನುವವರು ಕೆಲಸಗಾರರ ಶ್ವಾಸಕೋಶಕ್ಕೆ ಅಷ್ಟೂ ಖರ್ಚು ಮಾಡದಿದ್ದರೆ ಅಲ್ಲಿ ಕಲಿಯಲು ನಿಲ್ಲಬೇಡಿ. ಹೋಗುವಾಗ ಮುಚ್ಚಿದ ಬೂಟು ಹಾಕಿ, ಕೂದಲು ಬಿಗಿಯಾಗಿ ಕಟ್ಟಿ, ದುಪಟ್ಟಾ ಮನೆಯಲ್ಲೇ ಬಿಡಿ.