ಕೆಂಪು ಚೌಕ ಮಿನುಗಿಸಬೇಕಾ?

ಬ್ಯಾಗ್ ಸ್ಕ್ಯಾನರ್ ಪರದೆಯಲ್ಲಿ ಯಂತ್ರಕ್ಕೆ ಅನುಮಾನ ಬಂದ ಕಡೆಯೆಲ್ಲ ತಾನಾಗಿ ಕೆಂಪು ಚೌಕ ಬೀಳುವ ಹಾಗೆ ಮಾಡಿದ್ದೀರಿ. ಆಪರೇಟರ್‌ಗಳು ಅದರ ಕಡೆ ನೋಡುವುದೇ ಇಲ್ಲ, ಚೌಕ ಮಿನುಗಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಬೇಡ ಸರ್, ಕಿರಿಕಿರಿ ಜಾಸ್ತಿ ಆಗುತ್ತದೆ ಅಷ್ಟೇ.

ನೀರಿನ ಬಾಟಲಿಗೂ ಚಾರ್ಜರ್‌ಗೂ ಚೌಕ ಬಿದ್ದರೆ ಯಾರು ತಾನೆ ನಂಬುತ್ತಾರೆ? ಮೊದಲು ಸುಳ್ಳು ಎಚ್ಚರಿಕೆ ಕಡಿಮೆ ಮಾಡಿ. ಆಮೇಲೆ ಬಣ್ಣ. ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಟ್ಟೆ, ತಿಂಡಿ, ಪ್ಲಾಸ್ಟಿಕ್ ಕಿತ್ತಳೆಯಾಗಿ ಕಾಣುತ್ತವೆ, ಲೋಹ ನೀಲಿ, ಇವೆರಡರ ನಡುವಿನ ವಸ್ತುಗಳು ಹಸಿರು. ಕಿತ್ತಳೆ ರಾಶಿಯ ಮೇಲೆ ಕೆಂಪು ಗೆರೆ ಎದ್ದು ಕಾಣುವುದಿಲ್ಲ, ಅಲ್ವಾ? ಬಿಳಿ ಅಂಚಿನ ಕಪ್ಪು ಗೆರೆ ಹಾಕಿ ನೋಡಿ. ಒಳಗೆ ಮಾತ್ರ ಬಣ್ಣ ತುಂಬಬೇಡಿ, ಚಾಕುವಿನ ತೆಳು ಅಲಗು ಅದರಡಿ ಮುಚ್ಚಿಹೋಗುತ್ತದೆ. ಒಂದು ಕೀ ಒತ್ತಿದರೆ ಗುರುತೆಲ್ಲ ಮಾಯವಾಗಲಿ.

ನನಗೆ ಜಾಸ್ತಿ ಚಿಂತೆ ಚೌಕದ ಹೊರಗಿನದರ ಬಗ್ಗೆ. ಗುರುತು ಕಂಡರೆ ಕಣ್ಣು ಅಲ್ಲಿಗೇ ಹೋಗಿ, ಹುಡುಕಾಟ ಅಲ್ಲೇ ಮುಗಿಯುವ ಅಪಾಯ ಇದೆ. ಆಪರೇಟರ್ ಒಮ್ಮೆ ತಾನೇ ನೋಡಿದ ಮೇಲೆ ಚೌಕ ಬರುವ ಹಾಗೆ ಮಾಡಬಹುದು.

ಇನ್ನೊಂದು ತೊಂದರೆ, ಹುಡುಕುವ ವಸ್ತು ಅಪರೂಪ. 2005ರಲ್ಲಿ ದೃಷ್ಟಿ ಸಂಶೋಧಕ ಜೆರೆಮಿ ವುಲ್ಫ್ ಅವರ ತಂಡ ಲ್ಯಾಬಿನಲ್ಲಿ ಇದನ್ನೇ ಪರೀಕ್ಷಿಸಿತು. ಅರ್ಧದಷ್ಟು ಚಿತ್ರಗಳಲ್ಲಿ ವಸ್ತು ಇದ್ದಾಗ ಜನರ ಕಣ್ಣು ತಪ್ಪಿದ್ದು ಸುಮಾರು ಶೇ. 7. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ಶೇ. 30! ವಿಮಾನ ನಿಲ್ದಾಣಗಳಲ್ಲಿ ನಿಜವಾದ ಬ್ಯಾಗಿನ ಚಿತ್ರದೊಳಗೆ ಬಂದೂಕಿನ ನಕಲಿ ಚಿತ್ರ ತೂರಿಸಿ, ಸಿಕ್ಕಿತಾ ಇಲ್ವಾ ಅಂತ ಆಗಲೇ ತಿಳಿಸುವ ವ್ಯವಸ್ಥೆ ಇದೆ. ನಿಮ್ಮದರಲ್ಲೂ ಸೇರಿಸಿ. ಕೆಲವನ್ನು ಬೇಕಂತಲೇ ಚೌಕ ಇಲ್ಲದ ಕಡೆ ಇಡಿ.