ಮುದ್ದೆಗೆ ಉಲ್ಲೇಖ ಕೊಡೋರು ಯಾರು ಮೇಷ್ಟ್ರೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವನ್ನು ಬಾಯ್ತುಂಬ ಹೊಗಳಿದ್ದೀರಿ. ಕುತೂಹಲಕ್ಕೆ ಅವರ ಪ್ರಬಂಧಗಳ ಪಟ್ಟಿ ತೆಗೆದು, ಯಾವುದನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಅಂತ ನೋಡಿದೆ. ಹೊರದೇಶದ ವಿಶ್ವವಿದ್ಯಾಲಯಗಳ ಮುಂದೆ ಏನೇನೂ ಅಲ್ಲ. 60 ವರ್ಷದಲ್ಲಿ ಜನ ತಿರುಗಿ ನೋಡುವಂಥ ಒಂದು ಸಂಶೋಧನೆ ಆಗಿದ್ದರೆ ಹೇಳಿ. ಇಲ್ಲದಿದ್ದರೆ ಈ ಹೊಗಳಿಕೆ ಯಾಕೆ?
— ತುಮಕೂರು ಜಿಲ್ಲೆಯ ಒಬ್ಬ ಕಾಲೇಜು ಮೇಷ್ಟ್ರು

ಸಂಪಾದಕರ ಉತ್ತರ: ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಆದರೆ ಮೇಷ್ಟ್ರೇ, ಜಿಲ್ಲೆಯ ಹೆಸರು ಬರೆದು ಸಿಕ್ಕಿಬಿದ್ದಿರಿ. ರಾಗಿ ಜಾಸ್ತಿ ಬೆಳೆಯೋ ಜಿಲ್ಲೆಗಳಲ್ಲಿ ನಿಮ್ಮದೂ ಒಂದು. ಅಲ್ಲಿನವರಾಗಿ ಈ ಪ್ರಶ್ನೆ ಕೇಳಬಹುದಾ? ನಿಮ್ಮ ಪತ್ರ ನಾನು ಓದಿದ್ದು ಊಟದ ಹೊತ್ತಿಗೆ. ತಟ್ಟೆಯಲ್ಲಿ ಮುದ್ದೆ, ಬಸ್ಸಾರು. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಮೊದಲು ನಿಮ್ಮ ಮಾತಿನಲ್ಲಿ ಇರುವ ನಿಜವನ್ನು ಒಪ್ಪಿಕೊಂಡುಬಿಡುತ್ತೇನೆ. ಉಲ್ಲೇಖದ ಲೆಕ್ಕ ಪೂರ್ತಿ ಸುಳ್ಳಲ್ಲ. 2017ರಲ್ಲಿ ಇದೇ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎಂಎಲ್-365 ಅನ್ನೋ ರಾಗಿ ತಳಿಯ ಜೀನೋಮ್, ಅಂದರೆ ಅದರ ಪೂರ್ತಿ ವಂಶಲಿಪಿಯನ್ನು ಓದಿ ಪ್ರಕಟಿಸಿದರು. ರಾಗಿ ಬರವನ್ನು ಹೇಗೆ ತಡೆದುಕೊಳ್ಳುತ್ತದೆ, ಅದರ ಪೌಷ್ಟಿಕತೆಯ ಗುಟ್ಟೇನು ಅಂತ ಅದರಲ್ಲಿ ಹುಡುಕಿದ್ದಾರೆ. ಆಮೇಲೆ ರಾಗಿಯ ಬಗ್ಗೆ ಕೆಲಸ ಮಾಡಿದ ಬೇರೆ ಬೇರೆ ಕಡೆಯ ವಿಜ್ಞಾನಿಗಳು ಅದನ್ನು ಉಲ್ಲೇಖಿಸಿದ್ದಾರೆ. ಶಹಭಾಸ್ ಅನ್ನಲೇಬೇಕು. ಸರಿ, ನಿಮ್ಮ ಪಾಲಿನದು ಮುಗಿಯಿತು.

ಈಗ ನನ್ನದು. ಮಂಡ್ಯದ ವಿ.ಸಿ. ಫಾರಂ ಅನ್ನೋದು ಆಗ ಇದೇ ವಿಶ್ವವಿದ್ಯಾಲಯದ ಕೈಕೆಳಗಿದ್ದ ಸಂಶೋಧನಾ ಕೇಂದ್ರ. ಅಲ್ಲಿ ಲಕ್ಷ್ಮಣಯ್ಯ ಅಂತ ಒಬ್ಬ ತಳಿ ತಜ್ಞರಿದ್ದರು. ಜನ ಕರೆದದ್ದು ರಾಗಿ ಲಕ್ಷ್ಮಣಯ್ಯ ಅಂತ. ಹೆಸರಿಗೆ ಮುಂಚೆ ಬೆಳೆಯ ಹೆಸರು ಸೇರಿಕೊಳ್ಳೋದು ಡಾಕ್ಟರೇಟ್‌ಗಿಂತ ದೊಡ್ಡದು ಅಂತ ನನ್ನ ಲೆಕ್ಕ. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಮಿಶ್ರತಳಿ ಮಾಡಿ ಅವರು ತೆಗೆದ ತಳಿಗಳೇ ಇಂಡಾಫ್. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಆಫ್ರಿಕಾದ ರಾಗಿಗೆ ದಪ್ಪ ತೆನೆ, ಗಟ್ಟಿ ಕಾಂಡ, ಆದರೆ ಕೊಯ್ಲಿಗೆ ತಡ. ನಮ್ಮದು ಬೇಗ ಬರುತ್ತೆ, ಬುಡದಿಂದ ತೆಂಡೆ (ಕವಲು) ಜಾಸ್ತಿ ಒಡೆಯುತ್ತೆ. ಅಸಲಿಗೆ ರಾಗಿಯ ತವರೂ ಆಫ್ರಿಕಾವೇ. ಸಾವಿರಾರು ವರ್ಷದ ಹಿಂದೆ ದೂರವಾದ ಅಕ್ಕತಮ್ಮನ ಮಕ್ಕಳಿಗೆ ಮತ್ತೆ ಸಂಬಂಧ ಬೆಳೆಸಿದ ಹಾಗೆ ಇದು.

ಆ ಸಂಬಂಧ ಬೆಳೆಸೋದು ಸುಲಭ ಅಂದುಕೊಳ್ಳಬೇಡಿ. ರಾಗಿ ಹೂವನ್ನು ಯಾವತ್ತಾದರೂ ನೋಡಿದ್ದೀರಾ? ನೋಡಿರಲಾರಿರಿ. ಅದು ಅರಳೋದು ನಡುರಾತ್ರಿ ಕಳೆದು ಬೆಳಗಾಗುವುದರೊಳಗೆ. ಗಾತ್ರವೋ, ತೀರಾ ಚಿಕ್ಕದು. ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿ ಇರುವುದರಿಂದ ತನ್ನ ಪರಾಗದಿಂದಲೇ ಕಾಳು ಕಟ್ಟಿಕೊಂಡುಬಿಡುತ್ತೆ, ಹೊರಗಿನವರನ್ನು ಸೇರಿಸೋದು ಅಪರೂಪ. ಅದಕ್ಕೇ ತಳಿ ತಜ್ಞರು ಎರಡು ಗಿಡಗಳ ತೆನೆಯನ್ನು ಒಂದಕ್ಕೊಂದು ತಾಗಿಸಿ ಕಟ್ಟಿ, ಕಾಗದದ ಚೀಲ ತೊಡಿಸಿ ಬಿಡುತ್ತಾರೆ. ಒಂದರ ಪರಾಗ ಇನ್ನೊಂದರ ಮೇಲೆ ಬಿದ್ದರೆ ಬಿತ್ತು. ಆಮೇಲೆ ಆ ಕಾಳನ್ನೆಲ್ಲ ಬಿತ್ತಿ ಪೈರಿನಲ್ಲಿ ಹುಡುಕಬೇಕು. ತಂದೆ ಗಿಡಕ್ಕೆ ನೇರಳೆ ಬಣ್ಣವಿದ್ದು ತಾಯಿ ಹಸಿರಾಗಿದ್ದರೆ, ಹಸಿರು ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ನೇರಳೆ ಛಾಯೆಯ ಪೈರು ಕಾಣುತ್ತೆ. ಅದೇ ಮಿಶ್ರತಳಿ. ಉಳಿದದ್ದೆಲ್ಲ ಹಳೇ ರಾಗಿ. ಬಗ್ಗಿ ಹುಡುಕಿ ಹುಡುಕಿ ಸೊಂಟ ಬಿದ್ದುಹೋಗುತ್ತೆ. ಆ ಒಂದು ಪೈರು ತಳಿಯಾಗಿ ರೈತರ ಕೈಗೆ ಬರೋದಕ್ಕೆ ಇನ್ನೂ ಎಷ್ಟೋ ವರ್ಷ.

1970ರ ದಶಕದಲ್ಲಿ ಇಂಡಾಫ್ ಹಳ್ಳಿಗಳಿಗೆ ಬಂತು. ನಮ್ಮೂರಲ್ಲಿ ಅದು 'ಇಂಡಾಪು'. ನಮ್ಮಜ್ಜಿಗೆ ವಿಶ್ವವಿದ್ಯಾಲಯ ಅನ್ನೋ ಪದ ಬಾಯಿಗೆ ಬರುತ್ತಿರಲಿಲ್ಲ, ಇಂಡಾಪು ಮಾತ್ರ ಸಲೀಸು. "ತೆನೆ ನೋಡೋ, ಮುಷ್ಟಿ ಹಿಡಿದಂಗಿದೆ" ಅಂತ ಕಣದಲ್ಲಿ ನಿಂತು ಬಂದವರಿಗೆಲ್ಲ ತೋರಿಸಿದ್ದಳು. ಮುಂದಿನ ವರ್ಷ ನಮ್ಮ ಬಿತ್ತನೆ ರಾಗಿ ಸೇರುಗಟ್ಟಲೆ ನಾಲ್ಕು ಮನೆಗೆ ಹೋಯಿತು. ಇದು ಉಲ್ಲೇಖ ಅಲ್ವಾ ಮೇಷ್ಟ್ರೇ? ಯಾವ ಪಟ್ಟಿಯಲ್ಲಿ ಎಣಿಸಿದ್ದಾರೆ ಇದನ್ನ?

ಇಂಡಾಫ್‌ಗಳಿಗೂ ಒಂದು ಕಾಯಿಲೆ ಕಾಟವಿತ್ತು, ಮುಚ್ಚಿಡಲ್ಲ. ಬೆಂಕಿರೋಗ ಬಿದ್ದರೆ ತೆನೆಯ ಕುತ್ತಿಗೆ ಕಪ್ಪಾಗಿ ಕಾಳೆಲ್ಲ ಜೊಳ್ಳು. ಅದಕ್ಕೆ ತಡೆಯಾಗಿ ಇದೇ ವಿಶ್ವವಿದ್ಯಾಲಯದಿಂದ 1996ರಲ್ಲಿ ಜಿಪಿಯು-28 ಅನ್ನೋ ತಳಿ ಬಂತು. ಅದರ ವಂಶ ಕೆದಕಿ ನೋಡಿ. ಇಂಡಾಫ್-5 ಇದೆ, ಇಂಡಾಫ್-9 ಇದೆ. ಹಿಂದಿನವರ ಕೆಲಸದ ಮೇಲೆ ಮುಂದಿನವರು ನಿಂತರು ಅನ್ನೋದಕ್ಕೆ ಅಡಿಟಿಪ್ಪಣಿ ಬೇಕಿಲ್ಲ, ಕಾಳಿನೊಳಗೇ ಬರೆದಿದೆ. ನಿಮ್ಮ ಮನೆಯ ಡಬ್ಬಿಯಲ್ಲಿರೋ ರಾಗಿಯಲ್ಲೂ ಅದರ ಪಾಲಿದ್ದರೆ ಆಶ್ಚರ್ಯವಿಲ್ಲ.

ಸಾಲದು ಅಂದರೆ ಇನ್ನೆರಡು ಹೇಳುತ್ತೇನೆ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ಅವರು ಎರಡು ಬೇರೆ ಜಾತಿಯ ಹತ್ತಿ ಸೇರಿಸಿ ವರಲಕ್ಷ್ಮಿ ಹೈಬ್ರಿಡ್ ತಂದರು. ಆಗ ಧಾರವಾಡವೂ ಬೆಂಗಳೂರಿನ ಕೈಕೆಳಗೇ ಇತ್ತು, ಬೇರೆಯಾದದ್ದು 1986ರಲ್ಲಿ. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಕೂಡ ಬೆಂಗಳೂರಿನದೇ, 1980ರದು.

ಇನ್ನು ನಿಮ್ಮ ಲೆಕ್ಕದ ವಿಚಾರ. ಪ್ರಬಂಧಗಳಿಗೆ ಸಿಕ್ಕ ಉಲ್ಲೇಖ ಎಣಿಸಿ ವಿಜ್ಞಾನಿಗೆ ಅಂಕ ಹಾಕೋ ಎಚ್-ಇಂಡೆಕ್ಸ್ ಅನ್ನೋದು ಹುಟ್ಟಿದ್ದು 2005ರಲ್ಲಿ, ಹಿರ್ಷ್ ಅನ್ನೋ ಭೌತವಿಜ್ಞಾನಿಯ ತಲೆಯಲ್ಲಿ. ಇಂಡಾಫ್ ಆಗಲೇ ಎಷ್ಟೋ ಮುದ್ದೆಯಾಗಿ ಹೊಟ್ಟೆ ಸೇರಿತ್ತು. ಪ್ರಬಂಧ ಎಣಿಸಿ ಬಡ್ತಿ ಕೊಡೋ ಪದ್ಧತಿ ಬಂದ ಮೇಲೆ ಏನಾಯಿತು? ದುಡ್ಡು ತಗೊಂಡು ಏನು ಕೊಟ್ಟರೂ ಅಚ್ಚು ಹಾಕೋ ಪತ್ರಿಕೆಗಳು ನಾಯಿಕೊಡೆ ಹಾಗೆ ಎದ್ದವು. 2018ರ ಮೇ ತಿಂಗಳಲ್ಲಿ ಯುಜಿಸಿಯವರು (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾವೇ ಒಪ್ಪಿದ್ದ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ತೆಗೆದುಹಾಕಬೇಕಾಯಿತು. ಅಲ್ಲಿಯವರೆಗೆ ಅವುಗಳಲ್ಲಿ ಬಂದದ್ದೂ ಸಂಶೋಧನೆ ಅಂತಲೇ ಲೆಕ್ಕ. ನೀವೂ ಅಧ್ಯಾಪಕರು, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಪತ್ರದಲ್ಲಿ ಮಾತ್ರ ಬರೆದಿಲ್ಲ.

ನನ್ನದೂ ಒಂದು ಹೊಟ್ಟೆಯುರಿ ಇದೆ. ಕೆಲವು ವರ್ಷದ ಹಿಂದೆ ಒಬ್ಬ ವಿಜ್ಞಾನಿಗೆ ಫೋನ್ ಮಾಡಿ, ನಿಮ್ಮ ಕೆಲಸದ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡಿ ಸಾರ್ ಅಂತ ಕೇಳಿದೆ. ಪಾಪ, ಒಳ್ಳೆಯವರೇ. "ಬರೆಯಬಹುದು, ಆದರೆ ಅದಕ್ಕೆ ಪಾಯಿಂಟ್ ಬರಲ್ಲ" ಅಂದರು. ಇಂಗ್ಲಿಷ್ ಪ್ರಬಂಧವನ್ನು ವಾಟ್ಸಾಪ್‌ನಲ್ಲಿ ಕಳಿಸಿ, ನೀವೇ ಏನಾದರೂ ಮಾಡಿಕೊಳ್ಳಿ ಅಂದರು. ಮೂರು ರಾತ್ರಿ ಡಿಕ್ಷನರಿ ಹಿಡಿದು ಕೂತೆ. ಅದು ಒಬ್ಬ ರೈತನ ಹೊಲದಲ್ಲೇ ನಡೆದ ಪ್ರಯೋಗ. ಆ ರೈತನಿಗೆ ಫಲಿತಾಂಶ ಏನಾಯಿತು ಅಂತ ಗೊತ್ತಾಗಿದ್ದು ನಮ್ಮ ಪತ್ರಿಕೆ ನೋಡಿದ ಮೇಲೆ. ಫೋನ್ ಮಾಡಿ ಕೇಳಿದ, "ಸಾರ್, ಇದು ನಮ್ಮ ಹೊಲದ್ದೇನಾ?"

ಹಾಗಂತ ಕನ್ನಡದಲ್ಲಿ ಏನೂ ಇಲ್ಲ ಅಂತಲ್ಲ. ಯಾವ ಬೆಳೆಗೆ ಯಾವ ತಳಿ, ಎಷ್ಟು ಬೀಜ, ಯಾವ ರೋಗಕ್ಕೆ ಏನು ಅಂತೆಲ್ಲ ಹೇಳೋ ಬೇಸಾಯ ಕ್ರಮಗಳ ಪುಸ್ತಕವೊಂದನ್ನು ಇದೇ ವಿಶ್ವವಿದ್ಯಾಲಯ ಹೊರತರುತ್ತೆ. ಅವರ ಬೆಂಗಳೂರಿನ ಆವರಣ ಜಿಕೆವಿಕೆಯಲ್ಲಿ ನಡೆಯೋ ಕೃಷಿ ಮೇಳದಲ್ಲಿ ಸಿಗುತ್ತೆ. ನಾನು ನೋಡಿದ ಪ್ರತಿಗಳೆಲ್ಲ ಪುಟ ಮಡಚಿ, ಅಂಚಿಗೆ ಫೋನ್ ನಂಬರ್ ಗೀಚಿ, ಗೊಬ್ಬರದ ಕೈ ತಾಗಿ ಕಂದಾಗಿರುವಂಥವು. ನಿಮ್ಮ ಪಟ್ಟಿಯಲ್ಲಿ ಅದು ಇರಲ್ಲ ಬಿಡಿ.

ಈ ಸಲ ಮೇಳಕ್ಕೆ ಹೋಗಿ ಬನ್ನಿ ಮೇಷ್ಟ್ರೇ. ರಾಗಿ ತಾಕಿನ ಹತ್ತಿರ ಒಂದರ್ಧ ಗಂಟೆ ನಿಂತು, ಬಂದವರು ಏನೇನು ಕೇಳುತ್ತಾರೆ ಅಂತ ಕೇಳಿಸಿಕೊಳ್ಳಿ. ಬರೋವಾಗ ಆ ಪುಸ್ತಕ ಎರಡು ತನ್ನಿ. ನನ್ನದನ್ನು ಪಕ್ಕದ ಮನೆಯವರು ತಗೊಂಡು ಹೋಗಿ ಎರಡು ಮುಂಗಾರು ಕಳೆಯಿತು, ಇನ್ನೂ ವಾಪಸ್ ಬಂದಿಲ್ಲ.