ಸಂಪಾದಕರ ಉತ್ತರ: ಒಮ್ರಿಯ ಬೆಟ್ಟ, ಸೆಬಾಸ್ತಿಯದ ಊರು

ಮಾನ್ಯರೇ,

ಪಸ್ಕ ಹಬ್ಬದ ದಿನಗಳಲ್ಲಿ ಯೆಹೂದ್ಯರ ತಂಡವೊಂದು ಪಶ್ಚಿಮ ದಂಡೆಯ ಸೆಬಾಸ್ತಿಯಕ್ಕೆ, ಅಂದರೆ ಬೈಬಲ್ಲಿನ ಸಮಾರ್ಯ ಪಟ್ಟಣದ ಅವಶೇಷಗಳಿರುವ ಬೆಟ್ಟಕ್ಕೆ, ಸೈನಿಕರ ಕಾವಲಿನಲ್ಲಿ ಹೋಗಿಬಂದುದನ್ನು ಕುರಿತ ನಮ್ಮ ಲೇಖನಕ್ಕೆ ತಾವು ಬರೆದ ದೀರ್ಘ ಪತ್ರ ತಲುಪಿದೆ. ಪೂರ್ವಿಕರ ರಾಜಧಾನಿಯನ್ನು ನೋಡಲು ಹೋದವರ ಕುರಿತ ಬರಹದಲ್ಲಿ ಊರಿನ ಪ್ಯಾಲೆಸ್ತೀನಿ ಅಂಗಡಿಕಾರರ ಮಾತಿಗೆ ಏನು ಕೆಲಸ, ಮುಂದೆ ಅಂಥವನ್ನು ಕೈಬಿಡಿ ಎಂದು ಕೇಳಿದ್ದೀರಿ. ನಮ್ಮ ಲೇಖಕರು ‘ಬೈಬಲ್ಲಿನ ಪ್ರಕಾರ’ ಎಂದು ಪದೇ ಪದೇ ಬರೆದುದರಿಂದ ಆ ಸಂಬಂಧವೇ ಕಟ್ಟುಕಥೆಯೇನೋ ಎಂಬ ಅನುಮಾನ ಮೂಡುತ್ತದೆ ಎಂದೂ ಆಕ್ಷೇಪಿಸಿದ್ದೀರಿ. ಈ ಎರಡನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರ ತಿರುಳನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಇಸ್ರಾಯೇಲಿನ ಅರಸನಾದ ಒಮ್ರಿಯು ಶೆಮೆರ್ ಎಂಬವನಿಂದ ಎರಡು ತಲಾಂತು (ಹಳೆಯ ಕಾಲದ ತೂಕದ ಅಳತೆ) ಬೆಳ್ಳಿಗೆ ಬೆಟ್ಟವೊಂದನ್ನು ಕೊಂಡು, ಅದರ ಮೇಲೆ ಸಮಾರ್ಯವನ್ನು ಕಟ್ಟಿಸಿದನೆಂದು ಅರಸುಗಳ ಗ್ರಂಥ ಹೇಳುತ್ತದೆ. ಇದು ಕ್ರಿಸ್ತಪೂರ್ವ 9ನೇ ಶತಮಾನದ ಮಾತು. ಆ ರಾಜ್ಯವನ್ನು ಅಸ್ಸೀರಿಯದ ಶಾಸನಗಳು ‘ಒಮ್ರಿಯ ಮನೆ’ ಎಂದೇ ಕರೆಯುತ್ತವೆ. ಆದ್ದರಿಂದ ಒಮ್ರಿಯು ಬೈಬಲ್ಲಿನ ಪುಟಗಳಲ್ಲಿ ಮಾತ್ರ ಬದುಕಿದ ಅರಸನಲ್ಲ. 1908ರಿಂದ 1910ರವರೆಗೆ ನ್ಯೂಯಾರ್ಕಿನ ಯೆಹೂದಿ ದಾನಿ ಜೇಕಬ್ ಶಿಫ್ ಅವರ ಹಣದಿಂದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಅಲ್ಲಿ ಉತ್ಖನನ ನಡೆಸಿದಾಗ, ಅಚ್ಚುಕಟ್ಟಾಗಿ ಕೆತ್ತಿದ ಕಲ್ಲುಗಳ ಅರಮನೆಯ ತಳಪಾಯ ಹೊರಬಿತ್ತು. ಅದಕ್ಕಿಂತ ಮುಖ್ಯವಾದುದು, 1910ರಲ್ಲಿ ಜಾರ್ಜ್ ರೈಸ್ನರ್ ಅವರ ತಂಡಕ್ಕೆ ದೊರೆತ, ಶಾಯಿಯಲ್ಲಿ ಹೀಬ್ರೂ ಬರಹವಿರುವ ಮಡಕೆಯ ಚೂರುಗಳು.

ಈ ಚೂರುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಕೊಡಿ. ಅವು ಕ್ರಿಸ್ತಪೂರ್ವ 8ನೇ ಶತಮಾನದವು, ಓದಲು ಬರುವಂಥವು ಅರವತ್ತಕ್ಕೂ ಹೆಚ್ಚು. ಅವುಗಳಲ್ಲಿ ದೇವರ ವಾಕ್ಯವಾಗಲಿ ಯುದ್ಧದ ಜಂಬವಾಗಲಿ ಇಲ್ಲ. ಅರಸನ ಆಳ್ವಿಕೆಯ 9, 10 ಅಥವಾ 15ನೇ ವರ್ಷದಲ್ಲಿ ಇಂಥ ಸೀಮೆಯಿಂದ ಇಂಥವನ ಲೆಕ್ಕಕ್ಕೆ ಒಂದು ಕೊಡ ಹಳೆಯ ದ್ರಾಕ್ಷಾರಸ, ಒಂದು ಕೊಡ ಶುದ್ಧ ಎಣ್ಣೆ ಬಂತು ಎಂಬ ಉಗ್ರಾಣದ ಲೆಕ್ಕ ಮಾತ್ರ ಇದೆ. ಆದರೆ ಆ ಸೀಮೆಗಳ ಹೆಸರುಗಳನ್ನು ನೋಡಿ: ಅಬೀಯೆಜೆರ್, ಶೆಮೀದ, ಹೇಲೆಕ್, ಶೆಕೆಮ್. ಇವು ಇಸ್ರಾಯೇಲ್ಯರ ಕುಲಗಳಲ್ಲೊಂದಾದ ಮನಸ್ಸೆಯ ಕುಲದ ಮನೆತನಗಳೆಂದು ಬೈಬಲ್ ಪಟ್ಟಿ ಮಾಡಿರುವ ಹೆಸರುಗಳೇ. ಅವುಗಳ ಜೊತೆಗೆ ನೋವಾ, ಹೊಗ್ಲಾ ಎಂಬ ಎರಡು ಹೆಸರುಗಳೂ ಇವೆ. ಗಂಡುಮಕ್ಕಳಿಲ್ಲದೆ ತಂದೆ ಸತ್ತಾಗ, ಅವನ ಪಾಲಿನ ಭೂಮಿ ನಮಗೆ ಸಲ್ಲಬೇಕು ಎಂದು ಮೋಶೆಯ ಮುಂದೆ ನಿಂತು ಕೇಳಿದ ಐವರು ಅಕ್ಕತಂಗಿಯರಲ್ಲಿ ಇಬ್ಬರ ಹೆಸರುಗಳವು. ಆ ಹೆಣ್ಣುಮಕ್ಕಳ ಹೆಸರಿನ ಸೀಮೆಗಳಿಂದ ರಾಜಧಾನಿಗೆ ಸರಕು ಬರುತ್ತಿತ್ತೆಂದು ಅರಮನೆಯ ಗುಮಾಸ್ತನೊಬ್ಬ ಬರೆದಿಟ್ಟ ಚೂರು ಇಂದಿಗೂ ಉಳಿದಿದೆ ಎಂಬುದು ನನ್ನನ್ನು ಪ್ರತಿ ಬಾರಿಯೂ ಬೆರಗುಗೊಳಿಸುತ್ತದೆ. ಅದೇ ಲೆಕ್ಕದಲ್ಲಿ ಇಸ್ರಾಯೇಲಿನ ದೇವರ ಹೆಸರನ್ನು ಸೇರಿಸಿಕೊಂಡ ಗದ್ದಿಯಾವ್ ಇದ್ದಾನೆ, ಬಾಳ್ ದೇವತೆಯ ಹೆಸರು ಹೊತ್ತ ಅಬಿಬಾಳ್ ಕೂಡ ಇದ್ದಾನೆ. ಪ್ರವಾದಿಗಳು ಯಾವುದರ ವಿರುದ್ಧ ಕೂಗಿ ಹೇಳುತ್ತಿದ್ದರೋ ಅದು ಆ ಮಣ್ಣಿನಲ್ಲಿಯೇ ಕಾಣಿಸುತ್ತದೆ. ಮುಂದೆ 1931ರಿಂದ 1935ರವರೆಗೆ ಕ್ರೌಫುಟ್ ಅವರ ನೇತೃತ್ವದಲ್ಲಿ, ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯವೂ ಪಾಲುಗೊಂಡು ನಡೆದ ಉತ್ಖನನದಲ್ಲಿ ದಂತದ ಕೆತ್ತನೆಗಳು ರಾಶಿರಾಶಿಯಾಗಿ ಸಿಕ್ಕವು. ಒಮ್ರಿಯ ಮಗ ಅಹಾಬನ ದಂತದ ಮನೆಯನ್ನೂ, ದಂತದ ಮಂಚಗಳ ಮೇಲೆ ಒರಗಿದವರನ್ನು ಪ್ರವಾದಿ ಆಮೋಸನು ಖಂಡಿಸಿದುದನ್ನೂ ಓದಿದವರಿಗೆ ಅವುಗಳ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಹೀಗಿರುವಾಗ, ಕೈಯಲ್ಲಿ ಬೈಬಲ್ ಹಿಡಿದು ಬೆಟ್ಟ ಹತ್ತಿ, ಅರಮನೆಯ ತಳಪಾಯದ ಬಳಿ ಆ ಅಧ್ಯಾಯವನ್ನು ಗಟ್ಟಿಯಾಗಿ ಓದುವ ಯೆಹೂದಿ ಕುಟುಂಬಕ್ಕೆ ಆ ನೆಲದ ಮೇಲೆ ಸಂಬಂಧವಿಲ್ಲ ಎನ್ನುವವರು ಕಣ್ಣೆದುರಿನ ಸಾಕ್ಷ್ಯವನ್ನೇ ಅಲ್ಲಗಳೆಯುತ್ತಾರೆ. ಅಂಥ ಮಾತನ್ನು ನಮ್ಮ ಪತ್ರಿಕೆ ಎಂದೂ ಆಡುವುದಿಲ್ಲ.

ಇನ್ನು ತಮ್ಮ ಮೊದಲ ಆಕ್ಷೇಪ. ಆ ತಂಡದವರು ಚಿತ್ರ ತೆಗೆದುಕೊಂಡ ಕಂಬಗಳ ಸಾಲು ಒಮ್ರಿಯದಲ್ಲ, ರೋಮನ್ನರದು. ಕ್ರಿಸ್ತಪೂರ್ವ 722ರ ಸುಮಾರಿಗೆ ಅಸ್ಸೀರಿಯನ್ನರು ಪಟ್ಟಣವನ್ನು ಗೆದ್ದು, ಎರಡನೇ ಸರ್ಗೋನನ ಶಾಸನದ ಪ್ರಕಾರ 27 ಸಾವಿರಕ್ಕೂ ಹೆಚ್ಚು ಜನರನ್ನು ಸೆರೆ ಒಯ್ದು, ಬೇರೆ ನಾಡುಗಳವರನ್ನು ತಂದು ನೆಲೆಗೊಳಿಸಿದರು. ಅಲ್ಲಿ ಮುಂದೆ ಬೆಳೆದ ಗ್ರೀಕ್ ಪಟ್ಟಣವನ್ನು ಕ್ರಿಸ್ತಪೂರ್ವ 2ನೇ ಶತಮಾನದ ಕೊನೆಯಲ್ಲಿ ನೆಲಸಮ ಮಾಡಿದವನು ಯೆಹೂದ್ಯರ ಮಹಾಯಾಜಕನೂ ಆಳುವವನೂ ಆದ ಯೋಹಾನ ಹಿರ್ಕಾನಸ್. ಯೆಹೂದದ ಅರಸ ಹೆರೋದನು ಅದನ್ನು ಮತ್ತೆ ಕಟ್ಟಿಸಿ, ರೋಮನ್ ಚಕ್ರವರ್ತಿ ಆಗಸ್ಟಸ್‌ನ ಗೌರವಾರ್ಥ ಸೆಬಾಸ್ತೆ ಎಂದು ಹೆಸರಿಟ್ಟು, ಇಸ್ರಾಯೇಲಿನ ಅರಸರ ಅರಮನೆಯಿದ್ದ ಜಾಗದ ಮೇಲೆಯೇ ಆ ಚಕ್ರವರ್ತಿಗೆ ಗುಡಿ ಕಟ್ಟಿಸಿದನು. ಸ್ನಾನಿಕ ಯೋಹಾನನ ಸಮಾಧಿ ಇಲ್ಲಿದೆಯೆಂಬ ನಂಬಿಕೆಯಿಂದ ಕ್ರೈಸ್ತರು ಇಗರ್ಜಿ ಕಟ್ಟಿದರು. ಶಿಲುಬೆ ಯುದ್ಧದ ಕಾಲದ ಆ ಇಗರ್ಜಿಯೊಳಗೆ ಈಗ ನಬಿ ಯಹ್ಯಾ ಮಸೀದಿ ಇದೆ, ಏಕೆಂದರೆ ಯೋಹಾನನು ಮುಸಲ್ಮಾನರಿಗೂ ಪ್ರವಾದಿಯೇ. ಹೆರೋದನು ಇಟ್ಟ ಹೆಸರನ್ನು ಇಂದಿನವರೆಗೆ ಬಾಯಲ್ಲಿ ಉಳಿಸಿಕೊಂಡವರು ತಾವು ಕೈಬಿಡಿ ಎನ್ನುತ್ತಿರುವ ಆ ಊರಿನವರು.

ಭೇಟಿಗೆ ಸೈನ್ಯವೇಕೆ ಬೇಕಾಯಿತು ಎಂಬುದಕ್ಕೆ ಉತ್ತರ ಹೊಸ ಕಾಲದಲ್ಲಿದೆ. 1967ರ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆಯನ್ನು ವಶಪಡಿಸಿಕೊಂಡಿತು. 1975ರಲ್ಲಿ ಗುಷ್ ಎಮುನಿಮ್ ಎಂಬ ಯೆಹೂದಿ ವಸಾಹತು ಚಳವಳಿಯವರು ಬಿಡಾರ ಹೂಡಿ, ಆ ಸೀಮೆಯಲ್ಲಿ ವಸಾಹತು ಸ್ಥಾಪಿಸಲು ಸರಕಾರವನ್ನು ಒಪ್ಪಿಸಿದ್ದು ಸೆಬಾಸ್ತಿಯದ ಹತ್ತಿರದ ಹಳೆಯ ರೈಲು ನಿಲ್ದಾಣದಲ್ಲಿಯೇ. 1995ರ ಓಸ್ಲೋ ಒಪ್ಪಂದದಲ್ಲಿ ಮನೆಗಳಿರುವ ಊರು, ನಾಗರಿಕ ಆಡಳಿತ ಪ್ಯಾಲೆಸ್ತೀನಿಯರದೂ ಭದ್ರತೆಯ ಹಿಡಿತ ಇಸ್ರೇಲಿನದೂ ಆದ ‘ಬಿ’ ವಲಯಕ್ಕೂ, ಅವಶೇಷಗಳ ಬಹುಭಾಗ ಇಸ್ರೇಲಿನ ಪೂರ್ಣ ಹಿಡಿತದ ‘ಸಿ’ ವಲಯಕ್ಕೂ ಸೇರಿದವು. ಪ್ಯಾಲೆಸ್ತೀನ್ 2012ರಲ್ಲಿ ಈ ತಾಣವನ್ನು ಯುನೆಸ್ಕೋದ ವಿಶ್ವ ಪರಂಪರೆಯ ತಾಣಗಳ ಸಂಭಾವ್ಯ ಪಟ್ಟಿಯಲ್ಲಿ ಸೇರಿಸಿತು. ಇಸ್ರೇಲ್ ಸರಕಾರ 2023ರಲ್ಲಿ ಇದರ ಅಭಿವೃದ್ಧಿಗೆ ಸುಮಾರು 3.2 ಕೋಟಿ ಶೆಕೆಲ್ ಮಂಜೂರು ಮಾಡಿತು. ಯಾತ್ರಿಕರ ತಂಡಗಳು ಬರುವಾಗ ಸೈನಿಕರು ಊರಿನವರನ್ನು ಬೆಟ್ಟದಿಂದ ದೂರ ಇರಿಸುವುದೂ ಅಂಗಡಿಗಳನ್ನು ಮುಚ್ಚಿಸುವುದೂ ಹಲವು ಬಾರಿ ವರದಿಯಾಗಿದೆ.

ಅಂಗಡಿಕಾರನ ಮಾತು ಆ ಭೇಟಿಯ ವರದಿಗೆ ಹೊರಗಿನದು ಎಂದು ತಾವು ಬರೆದಿದ್ದೀರಿ. ಒಬ್ಬರು ಅಧ್ಯಾಯ ಓದುತ್ತಿರುವ ಹೊತ್ತಿನಲ್ಲಿಯೇ ಇನ್ನೊಬ್ಬರ ಬಾಗಿಲು ಆಜ್ಞೆಯಿಂದ ಮುಚ್ಚಿದ್ದರೆ, ಅದು ಆ ಭೇಟಿಯ ಭಾಗವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಡಕೆಯ ಚೂರು ಪೂರ್ವಿಕರ ಇರವನ್ನು ಸಾಬೀತುಪಡಿಸಬಲ್ಲದು. ಇಂದು ಅಲ್ಲಿ ಆಲಿವ್ ಮರಗಳನ್ನು ಬೆಳೆಸಿ ಬದುಕುತ್ತಿರುವವನನ್ನು ಪಕ್ಕಕ್ಕೆ ಸರಿಸುವ ಹಕ್ಕುಪತ್ರ ಅದಲ್ಲ. ಆದ್ದರಿಂದ ಮುಂದಿನ ವರದಿಗಳಲ್ಲಿಯೂ ಎರಡೂ ಕಡೆಯವರ ಮಾತು ಇರುತ್ತದೆ. ‘ಬೈಬಲ್ಲಿನ ಪ್ರಕಾರ’ ಎಂದು ಬರೆಯುವಲ್ಲಿ ಉತ್ಖನನದ ಸಾಕ್ಷ್ಯ ಇದ್ದರೆ ಅದನ್ನೂ ಪಕ್ಕದಲ್ಲಿಯೇ ಕೊಡುವಂತೆ ಲೇಖಕರಿಗೆ ತಿಳಿಸಿದ್ದೇನೆ.

ಇತಿ,
ಸಂಪಾದಕ